ಡಚ್ ಗಣರಾಜ್ಯ: 17ನೆಯ ಶತಮಾನದ ಸಮುದ್ರಯಾನ, ಚಿತ್ರಕಲೆ, ವಿಜ್ಞಾನ, ತತ್ತ್ವಶಾಸ್ತ್ರ

ಸ್ಪೇನಿನ ಆಳ್ವಿಕೆಯ ವಿರುದ್ಧ ಬಂಡೆದ್ದು ಒಂದಾದ ಏಳು ಪ್ರಾಂತ್ಯಗಳ ಒಕ್ಕೂಟವೇ ಡಚ್ ಗಣರಾಜ್ಯ. ಇಂದಿನ ನೆದರ್‌ಲೆಂಡ್ಸ್ ದೇಶದ ಪೂರ್ವರೂಪ. 1579ರ ಉಟ್ರೆಕ್ಟ್ ಒಪ್ಪಂದದಿಂದ ಒಕ್ಕೂಟ ರೂಪುಗೊಂಡಿತು. 1581ರಲ್ಲಿ ಅದು ದೊರೆ ಎರಡನೆಯ ಫಿಲಿಪ್‌ನ ಅಧಿಕಾರವನ್ನು ತಿರಸ್ಕರಿಸಿತು. ಅದರ ಸ್ವಾತಂತ್ರ್ಯವನ್ನು ಸ್ಪೇನ್ ಒಪ್ಪಿಕೊಂಡದ್ದು 1648ರಲ್ಲಿ. ಯುರೋಪಿನ ಬೇರೆ ದೇಶಗಳಲ್ಲಿ ಅರಮನೆ, ಮಠ, ವಿಶ್ವವಿದ್ಯಾಲಯಗಳು ವಿದ್ಯೆಯ ನೆಲೆಗಳಾಗಿದ್ದ ಕಾಲದಲ್ಲಿ ಈ ಪುಟ್ಟ ದೇಶದಲ್ಲಿ ಬಟ್ಟೆ ವ್ಯಾಪಾರಿಗಳು, ಕನ್ನಡಕ ಮಾಡುವವರು, ಭೂಪಟ ಕೆತ್ತುವವರು, ಚಿತ್ರಕಾರರು ಹೊಸ ಜ್ಞಾನದ ಕೆಲಸಕ್ಕೆ ಕೈಹಚ್ಚಿದರು. ಆ ಕಾಲದ ಸಮುದ್ರಯಾನ, ಕಲೆ, ವಿಜ್ಞಾನ, ತತ್ತ್ವಚಿಂತನೆಗಳನ್ನು ಬೇರೆಬೇರೆ ಅಧ್ಯಾಯಗಳಾಗಿ ಓದುವ ವಾಡಿಕೆಯಿದೆ. ಆದರೆ ಇವು ನಾಲ್ಕೂ ಬೆಳೆದದ್ದು ಕೆಲವೇ ಊರುಗಳಲ್ಲಿ, ಹಲವು ಬಾರಿ ಒಬ್ಬರಿಗೊಬ್ಬರು ಪರಿಚಯವಿದ್ದವರ ನಡುವೆ.

1585ರಲ್ಲಿ ಆಂಟ್‌ವರ್ಪ್ ನಗರ ಸ್ಪೇನಿನ ವಶವಾಯಿತು. ಅಲ್ಲಿನ ವರ್ತಕರು, ಮುದ್ರಕರು, ನೇಕಾರರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಉತ್ತರಕ್ಕೆ ವಲಸೆ ಬಂದರು. ಪೋರ್ಚುಗಲ್‌ನಲ್ಲಿ ಕಿರುಕುಳಕ್ಕೆ ಒಳಗಾದ ಯೆಹೂದಿ ಮೂಲದ ಕುಟುಂಬಗಳೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಆಶ್ರಯ ಪಡೆದವು. ಲೈಡನ್‌ನಲ್ಲಿ 1575ರಲ್ಲೇ ವಿಶ್ವವಿದ್ಯಾಲಯ ಸ್ಥಾಪನೆಯಾಗಿತ್ತು. ಹಣ, ಕಸುಬು, ಓದು ಮೂರೂ ಒಂದೆಡೆ ಸೇರಿದ್ದು ಹೀಗೆ.

ಸಮುದ್ರಯಾನ ಮತ್ತು ಕಂಪನಿ

ಏಷ್ಯಾಕ್ಕೆ ಹೋಗುವ ದಾರಿಯ ಗುಟ್ಟು ಡಚ್ಚರಿಗೆ ಸಿಕ್ಕಿದ್ದು ಗೋವೆಯಿಂದ. ಯಾನ್ ಹೈಖೆನ್ ವಾನ್ ಲಿನ್‌ಸ್ಖೋಟನ್ ಎಂಬಾತ 1583ರಿಂದ ಕೆಲವು ವರ್ಷ ಗೋವೆಯ ಆರ್ಚ್‌ಬಿಷಪ್ಪರ ಕಾರ್ಯದರ್ಶಿಯಾಗಿದ್ದ. ಪೋರ್ಚುಗೀಸರು ಮುಚ್ಚಿಟ್ಟುಕೊಂಡಿದ್ದ ಸಮುದ್ರಮಾರ್ಗದ ಮಾಹಿತಿಯನ್ನು ಆತ ಟಿಪ್ಪಣಿ ಮಾಡಿಕೊಂಡು ಊರಿಗೆ ಮರಳಿದ. 1596ರಲ್ಲಿ ಅವನ 'ಇಟಿನೆರಾರಿಯೋ' ಪ್ರಕಟವಾಯಿತು. ಮೊದಲ ಡಚ್ ಹಡಗುಪಡೆ 1595ರಲ್ಲೇ ಜಾವಾದತ್ತ ಹೊರಟಿತ್ತು. ಉತ್ತರ ಧ್ರುವದ ಬದಿಯಿಂದ ಚೀನಾ ತಲುಪಲು ಯತ್ನಿಸಿದ ವಿಲೆಮ್ ಬಾರೆಂಟ್ಸ್‌ನ ತಂಡ 1596–97ರ ಚಳಿಗಾಲವನ್ನು ನೋವಾಯಾ ಜೆಮ್ಲ್ಯಾ ದ್ವೀಪದ ಹಿಮದಲ್ಲಿ ಕಳೆಯಬೇಕಾಯಿತು. ಮರಳುವ ದಾರಿಯಲ್ಲಿ ಬಾರೆಂಟ್ಸ್ ತೀರಿಕೊಂಡ.

1602ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿ ಹುಟ್ಟಿತು. ಬಂಡವಾಳ ಸುಮಾರು 64 ಲಕ್ಷ ಗಿಲ್ಡರ್. ಷೇರು ಕೊಂಡವರಲ್ಲಿ ಭಾರಿ ವರ್ತಕರ ಜೊತೆಗೆ ಮನೆಗೆಲಸದವರೂ ಇದ್ದರು. ಗುಡ್‌ಹೋಪ್ ಭೂಶಿರದ ಪೂರ್ವಕ್ಕೆ ಕೋಟೆ ಕಟ್ಟುವ, ಒಪ್ಪಂದ ಮಾಡಿಕೊಳ್ಳುವ, ಯುದ್ಧ ಹೂಡುವ ಅಧಿಕಾರವನ್ನು ಸರ್ಕಾರ ಅದಕ್ಕೆ ನೀಡಿತು. ಈ ಅಧಿಕಾರದ ಭೀಕರ ಮುಖ ಕಂಡದ್ದು ಜಾಯಿಕಾಯಿ ಬೆಳೆಯುವ ಬಾಂಡಾ ದ್ವೀಪಗಳಲ್ಲಿ. 1621ರಲ್ಲಿ ಗವರ್ನರ್ ಜನರಲ್ ಯಾನ್ ಪೀಟರ್‌ಸೋನ್ ಕೂನ್ ನಡೆಸಿದ ದಾಳಿಗೆ ಮುಂಚೆ ಅಲ್ಲಿ ಸುಮಾರು 15,000 ಜನರಿದ್ದರೆಂದು ಅಂದಾಜು. ಕೊಲೆ, ಹಸಿವು, ಗಡೀಪಾರುಗಳ ನಂತರ ಅಲ್ಲಿ ಉಳಿದವರು ಸಾವಿರದಷ್ಟು. ಆಮೇಲೆ ಗುಲಾಮರನ್ನು ತಂದು ತೋಟ ಮಾಡಿಸಿದರು. ಮುಂದೆ ಹೇಳುವ ಚಿತ್ರಗಳಿಗೂ ಪುಸ್ತಕಗಳಿಗೂ ಹಣ ಹರಿದುಬಂದ ದಾರಿಗಳಲ್ಲಿ ಇದೂ ಒಂದು. ಇದನ್ನು ಅಡಿಟಿಪ್ಪಣಿಗೆ ತಳ್ಳಿ ಬರೆದ ಇತಿಹಾಸ ಅರ್ಧ ಇತಿಹಾಸ ಮಾತ್ರ.

ಕಂಪನಿಯ ಆಜ್ಞೆಯಂತೆ ಹೊರಟ ಅಬೆಲ್ ಟಾಸ್ಮನ್ 1642ರಲ್ಲಿ ಇಂದಿನ ಟಾಸ್ಮೇನಿಯಾ ಮತ್ತು ನ್ಯೂಜಿಲೆಂಡ್ ತೀರಗಳನ್ನು ಕಂಡ. ಹಿಂದಿರುಗಿದ ನಾವಿಕರ ದಾಖಲೆಗಳಿಂದ ಆಮ್‌ಸ್ಟರ್‌ಡ್ಯಾಮ್‌ನ ಭೂಪಟಗಳು ವರ್ಷ ವರ್ಷವೂ ತಿದ್ದುಪಡಿಯಾಗುತ್ತಿದ್ದವು. ಯೋನ್ ಬ್ಲಾವು 1662ರಲ್ಲಿ ಹೊರತಂದ 11 ಸಂಪುಟಗಳ ಲ್ಯಾಟಿನ್ 'ಅಟ್ಲಾಸ್ ಮಾಯೋರ್' ಆ ಕಾಲದ ಅತಿ ದುಬಾರಿ ಪುಸ್ತಕಗಳಲ್ಲಿ ಒಂದು. ಕಂಪನಿ 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿಯನ್ನು ಕಿತ್ತುಕೊಂಡಿತು. ಕೆಳದಿ ಅರಸರ ಆಳ್ವಿಕೆಯಲ್ಲಿದ್ದ ಬಸರೂರಿನಲ್ಲೂ ಅದಕ್ಕೆ ಕೆಲಕಾಲ ಒಂದು ವ್ಯಾಪಾರದ ಕೋಠಿ ಇತ್ತು. ಅಲ್ಲಿಂದ ಮುಖ್ಯವಾಗಿ ಅಕ್ಕಿ ಹೋಗುತ್ತಿತ್ತು.

ಗಿಡಗಳ ಗ್ರಂಥಗಳು

ಮಲಬಾರಿನಲ್ಲಿ ಕಂಪನಿಯ ಮುಖ್ಯಾಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೇಡೆ ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಲ್ಲಿ ಅಚ್ಚಾಯಿತು. 700ಕ್ಕೂ ಹೆಚ್ಚು ಸಸ್ಯಗಳ ವಿವರ ಅದರಲ್ಲಿದೆ. ಗಿಡಗಳ ಹೆಸರು, ಗುಣ, ಔಷಧಿಯ ಬಳಕೆಯನ್ನು ಹೇಳಿಕೊಟ್ಟವರು ಈಳವ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ಕೊಂಕಣಿ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ. ಅವರು ತಮ್ಮ ತಮ್ಮ ಭಾಷೆ, ಲಿಪಿಗಳಲ್ಲಿ ಬರೆದುಕೊಟ್ಟ ಪ್ರಮಾಣಪತ್ರಗಳು ಮೊದಲ ಸಂಪುಟದಲ್ಲೇ ಅಚ್ಚಾಗಿವೆ. ಸ್ಥಳೀಯ ವಿದ್ವಾಂಸರ ಋಣವನ್ನು ಹೆಸರು ಹೇಳಿ ಒಪ್ಪಿಕೊಂಡ ಗ್ರಂಥಗಳು ಆ ಕಾಲದ ಯುರೋಪಿನಲ್ಲಿ ಬಲು ಅಪರೂಪ. ಸಸ್ಯವಿಜ್ಞಾನಿ ಲಿನೇಯಸ್ ಮುಂದೆ ಭಾರತದ ಅನೇಕ ಸಸ್ಯಗಳಿಗೆ ಹೆಸರಿಡುವಾಗ ಇದನ್ನೇ ಆಧರಿಸಿದ.

ಇದರಷ್ಟೇ ಗಮನಿಸಬೇಕಾದವಳು ಮಾರಿಯಾ ಸಿಬಿಲಾ ಮೇರಿಯನ್. ಜರ್ಮನಿಯಲ್ಲಿ ಹುಟ್ಟಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ನೆಲೆಸಿದ್ದ ಈ ಚಿತ್ರಕಾರ್ತಿ 1699ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಮಗಳೊಡನೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋದಳು. ಕಂಬಳಿಹುಳು ಪೊರೆ ಕಳಚಿ ಚಿಟ್ಟೆಯಾಗುವ ಒಂದೊಂದು ಹಂತವನ್ನೂ ಅದು ತಿನ್ನುವ ಗಿಡದ ಸಮೇತ ಬರೆದಳು. 1705ರಲ್ಲಿ 60 ಚಿತ್ರಫಲಕಗಳ ಪುಸ್ತಕ ಬಂತು. ನಮ್ಮ ಅಂಗಳಗಳಲ್ಲಿ ರತ್ನಗಂಧಿಯೆಂದು ಬೆಳೆಸುವ ಗಿಡದ ಚಿತ್ರವೂ ಅದರಲ್ಲಿದೆ. ತಮ್ಮ ಮಕ್ಕಳು ಗುಲಾಮರಾಗಿ ಹುಟ್ಟಬಾರದೆಂದು ಅಲ್ಲಿನ ಗುಲಾಮ ಹೆಂಗಸರು ಅದರ ಬೀಜ ಬಳಸಿ ಗರ್ಭ ತೆಗೆಸಿಕೊಳ್ಳುತ್ತಿದ್ದರೆಂದು, ಅವರ ಬಾಯಿಂದಲೇ ಕೇಳಿ, ಮೇರಿಯನ್ ಬರೆದಿದ್ದಾಳೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇಂಥ ಸಾಕ್ಷ್ಯ ಉಳಿದದ್ದು ಅವಳು ಆ ಹೆಂಗಸರ ಮಾತಿಗೆ ಕಿವಿಗೊಟ್ಟದ್ದರಿಂದ.

ಚಿತ್ರಕಲೆ

ಪ್ರಾಟೆಸ್ಟೆಂಟ್ ಚರ್ಚುಗಳು ವಿಗ್ರಹ, ಚಿತ್ರಗಳನ್ನು ಹೊರಹಾಕಿದ್ದರಿಂದ ಕಲಾವಿದರಿಗೆ ಚರ್ಚಿನ ಆಶ್ರಯ ತಪ್ಪಿತು. ಅವರು ಮಾರುಕಟ್ಟೆಗಾಗಿ ಬರೆಯತೊಡಗಿದರು. ಅಡುಗೆಮನೆ, ಹಾಲು ಸುರಿಯುವ ಕೆಲಸದವಳು, ಮೋಡ ಕವಿದ ಬಯಲು, ಗೋಡೆಯ ಮೇಲಿನ ಭೂಪಟ ಎಲ್ಲವೂ ಚಿತ್ರದ ವಸ್ತುಗಳಾದವು. ರೆಂಬ್ರಾಂಟ್ 1632ರಲ್ಲಿ ಬರೆದ 'ಡಾ. ಟುಲ್ಪ್ ಅವರ ಅಂಗರಚನಾ ಪಾಠ' ಚಿತ್ರದಲ್ಲಿ ವೈದ್ಯ ಮುಂಗೈಯ ಸ್ನಾಯುಗಳನ್ನು ಬಿಡಿಸಿ ತೋರಿಸುತ್ತಾನೆ. ಮೇಜಿನ ಮೇಲಿರುವ ಶವ ಆಗಷ್ಟೇ ಗಲ್ಲಿಗೇರಿದ್ದ ಒಬ್ಬ ಕಳ್ಳನದು. ಇದೇ ರೆಂಬ್ರಾಂಟ್ 1656ರಿಂದ 1661ರ ಸುಮಾರಿಗೆ, ದಿವಾಳಿಯಾಗಿದ್ದ ಕಷ್ಟದ ದಿನಗಳಲ್ಲಿ, ಮೊಗಲ್ ಕಿರುಚಿತ್ರಗಳನ್ನು ನೋಡಿ ಪ್ರತಿ ಮಾಡಿದ. ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ. ಕಂಪನಿಯ ಹಡಗುಗಳು ತಂದ ಏಷ್ಯಾದ ಕಾಗದದ ಮೇಲೆ ಅವನು ಷಹಜಹಾನನನ್ನು ಬರೆದ. ಬೇರೆ ನಾಡಿನ ಕುಂಚದ ಸೂಕ್ಷ್ಮವನ್ನು ಕಲಿಯಲು ಕುಳಿತ ದೊಡ್ಡ ಕಲಾವಿದನ ಶ್ರದ್ಧೆ ಆ ಹಾಳೆಗಳಲ್ಲಿ ಕಾಣುತ್ತದೆ.

ಡೆಲ್ಫ್ಟ್ ಊರಿನ ಯೊಹಾನೆಸ್ ವರ್ಮೀರ್ ಬರೆದದ್ದರಲ್ಲಿ ಇಂದು ಉಳಿದಿರುವುದು ಸುಮಾರು 35 ಚಿತ್ರಗಳು. 'ಖಗೋಳಜ್ಞ' (1668), 'ಭೂಗೋಳಜ್ಞ' (1669) ಚಿತ್ರಗಳಲ್ಲಿ ಗೋಳ, ಕೈವಾರ, ಭೂಪಟಗಳು ಗುರುತು ಹಿಡಿಯುವಷ್ಟು ಸ್ಪಷ್ಟವಾಗಿವೆ. ಅವನು ಬಳಸಿದ ನೀಲಿ ಬಣ್ಣದ ಮೂಲ ಆಫ್ಘಾನಿಸ್ತಾನದ ಬದಕ್ಷಾನಿನ ಗಣಿಕಲ್ಲು. ಕತ್ತಲೆಪೆಟ್ಟಿಗೆಯಲ್ಲಿ ಮಸೂರದ ಮೂಲಕ ಮೂಡುವ ಬಿಂಬವನ್ನು ಅವನು ಬಳಸಿದನೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಮಸೂರ

1608ರ ಅಕ್ಟೋಬರಿನಲ್ಲಿ ಮಿಡಲ್‌ಬರ್ಗ್‌ನ ಕನ್ನಡಕ ತಯಾರಕ ಹಾನ್ಸ್ ಲಿಪರ್‌ಹೇ ದೂರದ ವಸ್ತುವನ್ನು ಹತ್ತಿರ ತೋರಿಸುವ ಕೊಳವೆಗೆ ಪೇಟೆಂಟ್ ಕೇಳಿದ. ಬೇರೆಯವರಿಗೂ ಈ ವಿದ್ಯೆ ಗೊತ್ತಿದೆಯೆಂದು ಅದನ್ನು ನಿರಾಕರಿಸಲಾಯಿತು. ಸುದ್ದಿ ಇಟಲಿ ತಲುಪಿತು. ಮುಂದಿನ ವರ್ಷ ಗೆಲಿಲಿಯೊ ತನ್ನದೇ ದೂರದರ್ಶಕವನ್ನು ಆಕಾಶಕ್ಕೆ ತಿರುಗಿಸಿದ. ಡಚ್ ವಿಜ್ಞಾನಿ ಕ್ರಿಸ್ತಿಯಾನ್ ಹೈಗೆನ್ಸ್ 1655ರಲ್ಲಿ ಶನಿಯ ಉಪಗ್ರಹ ಟೈಟನನ್ನು ಕಂಡುಹಿಡಿದ, 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ, 1659ರಲ್ಲಿ ಶನಿಯ ಸುತ್ತ ಉಂಗುರವಿದೆಯೆಂದು ವಿವರಿಸಿದ. ನಡುಸಮುದ್ರದಲ್ಲಿ ರೇಖಾಂಶ ತಿಳಿಯಲು ಸರಿಯಾದ ಗಡಿಯಾರ ಬೇಕಿತ್ತು; ಅವನು ಆ ಸಮಸ್ಯೆಯ ಹಿಂದೆ ಬಿದ್ದು ಗಡಿಯಾರಗಳನ್ನು ಹಡಗುಗಳಲ್ಲಿ ಕಳಿಸಿ ಪರೀಕ್ಷಿಸಿದ.

ವರ್ಮೀರ್ ಹುಟ್ಟಿದ 1632ರಲ್ಲೇ, ಅದೇ ಡೆಲ್ಫ್ಟ್‌ನಲ್ಲಿ ಆಂಟನಿ ವಾನ್ ಲೇವೆನ್‌ಹುಕ್ ಹುಟ್ಟಿದ. ಬಟ್ಟೆ ವ್ಯಾಪಾರಿ, ಪುರಸಭೆಯ ನೌಕರ. ಲ್ಯಾಟಿನ್ ಬಾರದು. ಎರಡು ಲೋಹದ ತಗಡುಗಳ ನಡುವೆ ಸಾಸಿವೆಯಷ್ಟು ಸಣ್ಣ ಗಾಜಿನ ಮಸೂರ ಕೂರಿಸಿ, ಸೂಜಿಮೊನೆಯಲ್ಲಿ ವಸ್ತುವನ್ನಿಟ್ಟು ಕಣ್ಣಿಗೆ ಒತ್ತಿ ನೋಡುತ್ತಿದ್ದ. ಉಳಿದಿರುವ ಅವನ ಮಸೂರಗಳಲ್ಲೊಂದು ಸುಮಾರು 270 ಪಟ್ಟು ಹಿಗ್ಗಿಸಿ ತೋರಿಸುತ್ತದೆ. 1676ರಲ್ಲಿ ಕಾಳುಮೆಣಸಿಗೆ ಖಾರ ಎಲ್ಲಿಂದ ಬರುತ್ತದೆಂದು ತಿಳಿಯಲು ಅವನು ಮೆಣಸನ್ನು ನೀರಲ್ಲಿ ನೆನೆಹಾಕಿದ. ಖಾರದ ಕಾರಣ ಸಿಗಲಿಲ್ಲ. ನೀರಿನಲ್ಲಿ ಅತಿ ಸಣ್ಣ ಜೀವಿಗಳು ಓಡಾಡುತ್ತಿದ್ದವು. ಬ್ಯಾಕ್ಟೀರಿಯಾಗಳು ಮನುಷ್ಯನ ಕಣ್ಣಿಗೆ ಬಿದ್ದದ್ದು ಆಗಲೇ. ಅವನು ಇದನ್ನು ಬರೆದು ತಿಳಿಸಿದಾಗ ಲಂಡನ್ನಿನ ವಿಜ್ಞಾನ ಸಂಘವಾದ ರಾಯಲ್ ಸೊಸೈಟಿ ಮೊದಲು ನಂಬಲಿಲ್ಲ. ಅವನು ಊರಿನ ಪಾದ್ರಿಗಳು ಮತ್ತಿತರ ಗಣ್ಯರಿಗೆ ತೋರಿಸಿ ಅವರಿಂದ ಸಾಕ್ಷಿಪತ್ರ ಬರೆಸಿ ಕಳಿಸಿದ. 1677ರ ನವೆಂಬರಿನಲ್ಲಿ ಸೊಸೈಟಿಯ ರಾಬರ್ಟ್ ಹುಕ್ ಮೆಣಸಿನ ನೀರಿನಲ್ಲೇ ಅವುಗಳನ್ನು ಕಂಡು ದೃಢಪಡಿಸಿದ. 1680ರಲ್ಲಿ ಸೊಸೈಟಿ ಆ ಬಟ್ಟೆ ವ್ಯಾಪಾರಿಯನ್ನು ಸದಸ್ಯನನ್ನಾಗಿ ಆರಿಸಿತು. ಪದವಿ ಇಲ್ಲದ ಒಬ್ಬನ ಮಾತನ್ನು ಮತ್ತೆ ಪರೀಕ್ಷಿಸಿ ಒಪ್ಪಿಕೊಂಡ ಈ ಪ್ರಸಂಗ ಆ ಯುಗದ ವಿಜ್ಞಾನಕ್ಕೆ ದೊಡ್ಡ ಗೌರವ ತರುವಂಥದ್ದು. ಸಾಲ ಉಳಿಸಿ ತೀರಿಕೊಂಡಿದ್ದ ವರ್ಮೀರನ ಆಸ್ತಿಯ ಉಸ್ತುವಾರಿಗೆ ಊರು 1676ರಲ್ಲಿ ನೇಮಿಸಿದ್ದೂ ಇದೇ ಲೇವೆನ್‌ಹುಕ್‌ನನ್ನು.

ತತ್ತ್ವಚಿಂತನೆ ಮತ್ತು ಅದರ ಮಿತಿ

ಫ್ರಾನ್ಸಿನ ತತ್ತ್ವಜ್ಞಾನಿ ಡೆಕಾರ್ಟ್ 1628ರಿಂದ ಸುಮಾರು ಇಪ್ಪತ್ತು ವರ್ಷ ಇಲ್ಲೇ ಬಾಳಿದ. ಅವನ 'ವಿಧಾನದ ವಿಚಾರ' 1637ರಲ್ಲಿ ಲೈಡನ್‌ನಲ್ಲಿ ಅಚ್ಚಾಯಿತು. ಇಟಲಿಯಲ್ಲಿ ಅಚ್ಚು ಮಾಡಲಾಗದ ಗೆಲಿಲಿಯೊನ ಕೊನೆಯ ಗ್ರಂಥವೂ 1638ರಲ್ಲಿ ಅದೇ ಊರಿನಲ್ಲಿ ಬೆಳಕು ಕಂಡಿತು.

ಬರುಚ್ ಸ್ಪಿನೋಜಾ ಹುಟ್ಟಿದ್ದೂ 1632ರಲ್ಲೇ, ಆಮ್‌ಸ್ಟರ್‌ಡ್ಯಾಮ್‌ನ ಪೋರ್ಚುಗೀಸ್ ಯೆಹೂದಿ ಮನೆತನದಲ್ಲಿ. 1656ರಲ್ಲಿ ಅವನ ಸಮುದಾಯ ಅವನಿಗೆ ಬಹಿಷ್ಕಾರ ಹಾಕಿತು. ಮಸೂರ ಉಜ್ಜುವ ಕಸುಬು ಹಿಡಿದ. ಅವನ ಕೈಗೆಲಸವನ್ನು ಹೈಗೆನ್ಸ್ ಮೆಚ್ಚಿದ್ದ. ದೇವರು ಮತ್ತು ಪ್ರಕೃತಿ ಎರಡಲ್ಲ, ಜಗತ್ತಿನಲ್ಲಿ ನಡೆಯುವುದೆಲ್ಲ ನಿಯಮಬದ್ಧ ಎಂಬುದು ಅವನ ದರ್ಶನದ ತಿರುಳು. ವಿಚಾರಸ್ವಾತಂತ್ರ್ಯವನ್ನು ಸಮರ್ಥಿಸಿದ 1670ರ ಗ್ರಂಥವನ್ನು ಲೇಖಕನ ಹೆಸರಿಲ್ಲದೆ, ಹ್ಯಾಂಬರ್ಗ್ ಎಂಬ ಸುಳ್ಳು ವಿಳಾಸ ಹಾಕಿ ಅಚ್ಚು ಮಾಡಬೇಕಾಯಿತು. 1674ರಲ್ಲಿ ಅದಕ್ಕೆ ನಿಷೇಧ ಬಿತ್ತು. 1673ರಲ್ಲಿ ಹೈಡಲ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಬಂದಾಗ, ಚಿಂತನೆಯ ಸ್ವಾತಂತ್ರ್ಯ ಕಳೆದೀತೆಂದು ಅವನು ಬೇಡವೆಂದ. 1677ರಲ್ಲಿ ತೀರಿಕೊಂಡ. 'ಎಥಿಕ್ಸ್' ಆ ವರ್ಷ ಮರಣೋತ್ತರವಾಗಿ ಹೊರಬಂದು ಮರುವರ್ಷವೇ ನಿಷೇಧಕ್ಕೊಳಗಾಯಿತು. ಅವನ ಗೆಳೆಯ ಆಡ್ರಿಯಾನ್ ಕೂರ್‌ಬಾಖ್ ಡಚ್ ಭಾಷೆಯಲ್ಲಿ, ಜನರಿಗೆ ತಿಳಿಯುವಂತೆ ಇಂಥ ವಿಚಾರ ಬರೆದದ್ದಕ್ಕೆ ಸೆರೆಮನೆ ಸೇರಿ 1669ರಲ್ಲಿ ಸತ್ತ. ಡಚ್ ಸಹಿಷ್ಣುತೆಯ ಬಗ್ಗೆ ಬಹಳ ಹೊಗಳಿಕೆಯಿದೆ. ಅಂದಿನ ಯುರೋಪಿಗೆ ಹೋಲಿಸಿದರೆ ಅದು ನಿಜ. ಆದರೆ ಅದರ ಅಂಚು ಎಲ್ಲಿತ್ತೆಂದು ಕೂರ್‌ಬಾಖ್‌ನ ಸಾವು ತೋರಿಸುತ್ತದೆ.

1672ರಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ಒಟ್ಟಿಗೆ ಮೇಲೆಬಿದ್ದವು. ಗಣರಾಜ್ಯದ ನಾಯಕನೂ ಗಣಿತಜ್ಞನೂ ಆಗಿದ್ದ ಯೊಹಾನ್ ಡ ವಿಟ್ ಮತ್ತು ಅವನ ಅಣ್ಣನನ್ನು ಹೇಗ್ ನಗರದಲ್ಲಿ ಜನಜಂಗುಳಿ ಬಡಿದು ಕೊಂದಿತು. ಚಿತ್ರಗಳ ಮಾರುಕಟ್ಟೆ ಕುಸಿಯಿತು. ಗಣರಾಜ್ಯ 1795ರಲ್ಲಿ ಕೊನೆಗೊಂಡಿತು, ಕಂಪನಿ 1799ರಲ್ಲಿ ವಿಸರ್ಜನೆಯಾಯಿತು.

ಕಂಪನಿಯ ದಾಖಲೆಗಳು ಹೇಗ್, ಜಕಾರ್ತ, ಕೊಲಂಬೊ, ಕೇಪ್‌ಟೌನ್ ಹಾಗೂ ಚೆನ್ನೈಯ ಪತ್ರಾಗಾರಗಳಲ್ಲಿವೆ. 2003ರಲ್ಲಿ ಯುನೆಸ್ಕೋ ಅವುಗಳನ್ನು 'ವಿಶ್ವಸ್ಮೃತಿ' ಪಟ್ಟಿಗೆ ಸೇರಿಸಿತು. ಕೆಳದಿ ಕಾಲದ ಕರಾವಳಿಯ ವ್ಯಾಪಾರವನ್ನು ಅಭ್ಯಸಿಸುವ ಕನ್ನಡದ ಯುವ ಸಂಶೋಧಕರು ಹಳೆಯ ಡಚ್ ಕೈಬರಹ ಓದುವುದನ್ನು ಕಲಿತು ಈ ಕಡತಗಳನ್ನು ಬಿಚ್ಚಿ ನೋಡಬೇಕು.