ಅಬ್ರಹಾಮನ ಹೆಸರು, ಮಂಗಳೂರಿನ ಆಶು

ಇವತ್ತಿನ ಕಥೆ ಒಂದೇ ಒಂದು ಅಕ್ಷರದಿಂದ ಶುರುವಾಗುತ್ತೆ. ಆ ಅಕ್ಷರ 'ಹ'.

ಬೈಬಲ್ಲಿನ ಆದಿಕಾಂಡದಲ್ಲಿ ಅಬ್ರಾಮ ಅಂತ ಒಬ್ಬ ಇದ್ದಾನೆ. ಹೀಬ್ರೂವಿನಲ್ಲಿ 'ಅಬ್' ಅಂದ್ರೆ ಅಪ್ಪ, 'ರಾಮ್' ಅಂದ್ರೆ ಎತ್ತರದವನು. ನಮ್ಮ ರಾಮನಿಗೂ ಇದಕ್ಕೂ ನಂಟು ಹುಡುಕೋರಿದ್ದಾರೆ, ಆದ್ರೆ ಕಿವಿಗೆ ಒಂದೇ ಥರ ಕೇಳಿಸುತ್ತೆ, ಅಷ್ಟೇ. ಅವನಿಗೆ 99 ವರ್ಷ ಆದಾಗ ದೇವರು ಹೆಸರು ಬದಲಿಸುತ್ತಾನೆ. ಮಧ್ಯೆ ಒಂದು 'ಹ' ಸೇರಿ ಅಬ್ರಹಾಮ ಆಗುತ್ತಾನೆ. ಅರ್ಥವನ್ನೂ ಗ್ರಂಥವೇ ಹೇಳುತ್ತೆ: ಅನೇಕ ಜನಾಂಗಗಳ ತಂದೆ. ಭಾಷಾಶಾಸ್ತ್ರಜ್ಞರು ಇದನ್ನು ಸುಲಭಕ್ಕೆ ಒಪ್ಪಲ್ಲ. ಇದು ಉಚ್ಚಾರದ ಹೋಲಿಕೆಯಿಂದ ಕಟ್ಟಿದ ಅರ್ಥ ಅಂತಾರೆ. ಇರಬಹುದು. ಜನ ನಂಬಿಕೊಂಡು ಬಂದಿದ್ದು ಮಾತ್ರ ಆ ಅರ್ಥವನ್ನೇ. ಎಷ್ಟರಮಟ್ಟಿಗೆ ಅಂದ್ರೆ, ಹೊರಗಿನಿಂದ ಯಹೂದಿ ಧರ್ಮಕ್ಕೆ ಸೇರಿದವರ ಹೆಸರಿನ ಜೊತೆ ಹೆತ್ತ ಅಪ್ಪನ ಹೆಸರು ಬರಲ್ಲ. 'ಅಬ್ರಹಾಮನ ಮಗ', 'ಅಬ್ರಹಾಮನ ಮಗಳು' ಅನ್ನೋದೇ ರೂಢಿ.

ಈ ಹೆಸರು ಹೊತ್ತವರು ಬೇಕಾದಷ್ಟು ಜನ. ಅಮೆರಿಕದ ಅಬ್ರಹಾಂ ಲಿಂಕನ್‌ಗೆ ಅದು ಅಜ್ಜನಿಂದ ಬಂತು. ಅರಬ್ಬಿಯಲ್ಲಿ ಇದೇ ಹೆಸರು ಇಬ್ರಾಹಿಂ. ಸರಸ್ವತಿಯನ್ನು ಹಾಡಿದ, ಜಗದ್ಗುರು ಅನ್ನಿಸಿಕೊಂಡ ವಿಜಯಪುರದ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್ ಷಾ ನಿಮಗೆ ಗೊತ್ತೇ ಇದ್ದಾನೆ. ಆದ್ರೆ ನನ್ನನ್ನು ಹೆಚ್ಚು ಕಾಡೋನು ಒಬ್ಬ ವ್ಯಾಪಾರಿ, ಅಬ್ರಹಾಂ ಬೆನ್ ಯಿಜು.

ಟ್ಯುನೀಶಿಯಾದ ಮಹ್ದಿಯಾ ಅವನ ಊರು. 1132ರ ಹೊತ್ತಿಗೆ ಮಂಗಳೂರಿಗೆ ಬಂದ, ಸುಮಾರು 17 ವರ್ಷ ನಮ್ಮ ಕರಾವಳಿಯಲ್ಲೇ ಇದ್ದ. ಕಾಳುಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣವನ್ನು ಏಡನ್‌ಗೆ ಕಳಿಸ್ತಿದ್ದ. ಕಂಚಿನ ಪಾತ್ರೆ ಮಾಡಿಸೋ ಕಾರ್ಖಾನೆಯೂ ಇತ್ತು. ಇದೆಲ್ಲ ಹೇಗೆ ಗೊತ್ತಾಯ್ತು ಅಂದ್ರೆ, ದೇವರ ಹೆಸರಿರಬಹುದಾದ ಕಾಗದ ಎಸೀಬಾರದು ಅಂತ ಹಳೇ ಕೈರೋದ ಯಹೂದಿಗಳು ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಳೇ ಕಾಗದ ತುಂಬಿಡ್ತಿದ್ರು. ಬೆನ್ ಯಿಜು ಕೊನೆಗೆ ಹೋಗಿ ಸೇರಿದ್ದು ಆ ಊರಿಗೇ. ಅವನ ಪತ್ರಗಳೂ ಅಲ್ಲಿ ಉಳಿದವು. ಅಮಿತಾವ್ ಘೋಷ್ ಅವರ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಓದಿದವರಿಗೆ ಇವನ ಪರಿಚಯ ಇರುತ್ತೆ, ಇವನ ಆಳು ಬೊಮ್ಮನದೂ.

ಆ ಕಾಗದಗಳಲ್ಲಿ 1132ರ ಅಕ್ಟೋಬರ್‌ನಲ್ಲಿ ಮಂಗಳೂರಿನಲ್ಲಿ ಬರೆದದ್ದು ಒಂದಿದೆ. ಆಶು ಅನ್ನೋ ದಾಸಿಯನ್ನು ಬೆನ್ ಯಿಜು ಬಿಡುಗಡೆ ಮಾಡಿದ ಪತ್ರ. ಅದರಲ್ಲಿ ಅವಳಿಗೆ ಹೊಸ ಹೆಸರು: ಬೆರಾಖಾ, ಅಂದ್ರೆ ಆಶೀರ್ವಾದ. ಆದಿಕಾಂಡದಲ್ಲಿ ದೇವರು ಅಬ್ರಾಮನಿಗೆ, ಊರು ಬಿಟ್ಟು ಹೊರಡು, ನೀನು ಆಶೀರ್ವಾದವಾಗು ಅಂತ ಹೇಳೋ ಕಡೆ ಬರೋದು ಇದೇ ಪದ. ಊರು ಬಿಟ್ಟು ಬಂದ ಈ ಅಬ್ರಹಾಂಗೆ ಅದು ನೆನಪಾಗಿರಬಹುದು, ನನ್ನ ಊಹೆ ಅಂತಲೇ ತಗೊಳ್ಳಿ. ಆದ್ರೆ ಒಂದು ಗಮನಿಸಿ. ಬಿಡುಗಡೆ ಸಿಕ್ಕ ಅದೇ ಕಾಗದದಲ್ಲಿ ಅವಳ ಹುಟ್ಟುಹೆಸರೂ ಹಿಂದೆ ಸರೀತು. ಅವಳನ್ನು ಹೆತ್ತವರು ಯಾರು? ಅದು ಯಾರಿಗೂ ಬೇಕಾಗಿರಲಿಲ್ಲ. ಅವನ ಮಕ್ಕಳ ತಾಯಿ ಅವಳೇ ಅಂತ ವಿದ್ವಾಂಸರು ಹೇಳ್ತಾರೆ, ಆದ್ರೂ ಆಮೇಲಿನ ಪತ್ರಗಳಲ್ಲಿ ಆಶುವಿನ ಹೆಸರು ಹೆಚ್ಚುಕಮ್ಮಿ ಇಲ್ಲವೇ ಇಲ್ಲ.

1149ರಲ್ಲಿ ಅವನು ಮಕ್ಕಳನ್ನು ಕರಕೊಂಡು ಏಡನ್‌ಗೆ ಹೋದ. ಮಗ ಯಮನ್ ನಾಡಿನಲ್ಲೇ ತೀರಿಕೊಂಡ. 'ಅನೇಕರ ತಂದೆ' ಅನ್ನೋ ಹೆಸರಿನವನಿಗೆ ಉಳಿದದ್ದು ಒಬ್ಬಳೇ ಮಗಳು, ಸಿತ್ ಅಲ್-ದಾರ್. ಮನೆಯೊಡತಿ ಅಂತ ಅದರ ಅರ್ಥ. 1156ರಲ್ಲಿ ಹಳೇ ಕೈರೋದಲ್ಲಿ, ಸಿಸಿಲಿಯಿಂದ ಬಂದ ತನ್ನ ಸೋದರನ ಮಗನಿಗೆ ಅವಳನ್ನು ಕೊಟ್ಟು ಮದುವೆ ಮಾಡಿದ.