ಕಿರಿದಾದ ಪಾಲು: ಯುಎಫ್‌ಸಿ ಸ್ಪರ್ಧಿಗಳ ಸಂಭಾವನೆ ಮತ್ತು ಕೊಳ್ಳುವವನ ಏಕಸ್ವಾಮ್ಯ

ಮಿಶ್ರ ಸಮರ ಕಲೆಯ (ಎಂಎಂಎ) ವೃತ್ತಿಪರ ಸ್ಪರ್ಧಿಗಳು ಎಷ್ಟು ಗಳಿಸುತ್ತಾರೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಕಾನರ್ ಮೆಕ್‌ಗ್ರೆಗರ್‌ನಂಥ ಒಬ್ಬಿಬ್ಬರ ಕೋಟಿಗಳ ಲೆಕ್ಕ. ಆ ಲೆಕ್ಕದಿಂದ ಈ ಕ್ರೀಡೆಯ ಕೂಲಿ ವ್ಯವಸ್ಥೆ ಅರ್ಥವಾಗದು. ಸ್ಪರ್ಧಿಗಳ ದುಡಿಮೆಯಿಂದ ಹುಟ್ಟುವ ಆದಾಯದಲ್ಲಿ ಎಷ್ಟು ಪಾಲು ಅವರ ಕೈಸೇರುತ್ತದೆ ಎಂಬುದನ್ನು ನೋಡಬೇಕು. ಅಮೆರಿಕದ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಶಿಪ್, ಅಂದರೆ ಯುಎಫ್‌ಸಿ, ಈ ಕ್ರೀಡೆಯ ಅತಿ ದೊಡ್ಡ ಸಂಸ್ಥೆ. ಅಲ್ಲಿ ಸ್ಪರ್ಧಿಗಳ ಪಾಲು ಕಿರಿದಾಗಿರುವುದಕ್ಕೆ ಪ್ರೇಕ್ಷಕರ ಕೊರತೆಯಾಗಲಿ ಪ್ರತಿಭೆಯ ಕೊರತೆಯಾಗಲಿ ಕಾರಣವಲ್ಲ. ಆ ದುಡಿಮೆಯನ್ನು ಕೊಳ್ಳುವ ದೊಡ್ಡ ಗಿರಾಕಿ ಒಬ್ಬನೇ ಇದ್ದಾನೆ, ಮತ್ತು ಕರಾರುಗಳ ಮೂಲಕ ಆ ಸ್ಥಿತಿಯನ್ನು ಕಾಪಾಡಿಕೊಂಡು ಬಂದಿದ್ದಾನೆ ಎಂಬುದು ಈ ಲೇಖನದ ವಾದ.

ಇತ್ತೀಚಿನ ವರ್ಷಗಳಲ್ಲಿ ಯುಎಫ್‌ಸಿಗೆ ಹೊಸದಾಗಿ ಸೇರಿದವರ ಸಾಮಾನ್ಯ ಕರಾರು ‘ಹನ್ನೆರಡು–ಹನ್ನೆರಡು’: ಕಣಕ್ಕಿಳಿದದ್ದಕ್ಕೆ 12,000 ಡಾಲರ್, ಗೆದ್ದರೆ ಮತ್ತೆ 12,000. 2021ರಲ್ಲಿ ಬಂದ ವೆನಮ್ ಉಡುಪಿನ ಒಪ್ಪಂದ ಹೊಸಬರಿಗೆ ಪಂದ್ಯಕ್ಕೆ 4,000 ಡಾಲರ್ ಸೇರಿಸಿತು. ಅಲ್ಲಿಗೆ ಸೋತವನ ಕೈಗೆ 16,000. ಮ್ಯಾನೇಜರ್, ತರಬೇತುದಾರರು, ಜಿಮ್, ತೆರಿಗೆ ಎಲ್ಲವೂ ಇದರಲ್ಲೇ ಸಲ್ಲಬೇಕು. ವರ್ಷಕ್ಕೆ ಎರಡು ಮೂರು ಪಂದ್ಯ ಸಿಕ್ಕರೆ ಹೆಚ್ಚು. ಗಾಯವಾದರೆ ಅದೂ ಇಲ್ಲ. ಕಾಗದದ ಮೇಲೆ ಇವರು ನೌಕರರಲ್ಲ, ಸ್ವತಂತ್ರ ಗುತ್ತಿಗೆದಾರರು. 2015ಕ್ಕಿಂತ ಮುಂಚೆ ತಮ್ಮ ಚಡ್ಡಿಯ ಮೇಲಿನ ಜಾಗವನ್ನು ತಾವೇ ಪ್ರಾಯೋಜಕರಿಗೆ ಮಾರಿಕೊಳ್ಳಬಹುದಿತ್ತು. ರೀಬಾಕ್ ಜೊತೆಗಿನ ಒಪ್ಪಂದ ಆ ದಾರಿಯನ್ನೂ ಮುಚ್ಚಿತು. ಇವೆಲ್ಲಕ್ಕಿಂತ ಕ್ರೂರವಾದದ್ದು ಗೆಲುವಿನ ಭತ್ಯೆ ಎಂಬುದು ನನ್ನ ಅಭಿಪ್ರಾಯ. ತೀರ್ಪುಗಾರರು ಇಬ್ಬರು ಅತ್ತ ಒಬ್ಬರು ಇತ್ತ ಎಂದು ಒಡೆದಾಗ, ಒಬ್ಬ ತೀರ್ಪುಗಾರ ಒಂದೇ ಒಂದು ಸುತ್ತಿಗೆ ಕೊಟ್ಟ ಅಂಕ ಒಬ್ಬ ಮನುಷ್ಯನ ನಾಲ್ಕಾರು ತಿಂಗಳ ಗಳಿಕೆಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಬಲ್ಲದು. ತಿಂದ ಏಟು ಮಾತ್ರ ಇಬ್ಬರಿಗೂ ಒಂದೇ.

ಈಗ ಪಾಲಿನ ಲೆಕ್ಕ. ಅಮೆರಿಕದ ಬ್ಯಾಸ್ಕೆಟ್‌ಬಾಲ್, ಫುಟ್‌ಬಾಲ್ ಲೀಗುಗಳಲ್ಲಿ ಆಟಗಾರರ ಸಂಘದ ಒಪ್ಪಂದದ ಪ್ರಕಾರ ಆದಾಯದ ಸುಮಾರು ಅರ್ಧ ಆಟಗಾರರಿಗೆ ಸಲ್ಲುತ್ತದೆ. ಯುಎಫ್‌ಸಿಯಲ್ಲಿ ಅದು ಶೇ 20ಕ್ಕಿಂತ ಕೆಳಗಿತ್ತು ಎಂಬುದು ಸ್ಪರ್ಧಿಗಳು ಯುಎಫ್‌ಸಿ ವಿರುದ್ಧ ನೆವಾಡಾದ ನ್ಯಾಯಾಲಯದಲ್ಲಿ ಹೂಡಿದ ದಾವೆಯಲ್ಲಿ ಅವರ ಪರ ಅರ್ಥಶಾಸ್ತ್ರಜ್ಞರು ಮಂಡಿಸಿದ ಲೆಕ್ಕ. ಅದು ಒಂದು ಪಕ್ಷದ ಸಾಕ್ಷ್ಯ ಎಂದು ಬದಿಗಿಟ್ಟರೂ ಕಂಪನಿಯೇ ಪ್ರಕಟಿಸಿದ ಅಂಕಿಗಳು ಸಾಕು. 2024ರಲ್ಲಿ ಯುಎಫ್‌ಸಿಯ ಆದಾಯ ಸುಮಾರು 140 ಕೋಟಿ ಡಾಲರ್. ಬಡ್ಡಿ, ತೆರಿಗೆ, ಸವಕಳಿಗಳಿಗೆ ಮುಂಚಿನ ಹೊಂದಾಣಿಕೆಯ ಲಾಭ ಸುಮಾರು 80 ಕೋಟಿ. ಉಳಿಯುವುದು 60 ಕೋಟಿ, ಅಂದರೆ ಶೇ 43. ಸಿಬ್ಬಂದಿ, ಪ್ರಸಾರ, ಪ್ರಯಾಣ, ಕ್ರೀಡಾಂಗಣ ಯಾವುದಕ್ಕೂ ಒಂದು ಕಾಸೂ ಖರ್ಚಾಗದೆ ಅಷ್ಟೂ ಸ್ಪರ್ಧಿಗಳಿಗೇ ಸಂದಿತೆಂದು ಇಟ್ಟುಕೊಂಡರೂ ಅವರ ಪಾಲು ಅರ್ಧ ಮುಟ್ಟದು.

ಅವರ ದುಡಿಮೆಯ ಬೆಲೆಯೇ ಅಷ್ಟು ಎನ್ನಲು ಬರುವುದಿಲ್ಲ. 2016ರ ಆಗಸ್ಟಿನಲ್ಲಿ ನೇಟ್ ಡಯಾಜ್ ವಿರುದ್ಧ ಸೆಣಸಿದ ಮೆಕ್‌ಗ್ರೆಗರ್‌ನ ಘೋಷಿತ ಸಂಭಾವನೆ 30 ಲಕ್ಷ ಡಾಲರ್. ಅಲ್ಲಿಯವರೆಗೆ ಯುಎಫ್‌ಸಿಯಲ್ಲಿ ಅದೇ ದಾಖಲೆ. ಮರುವರ್ಷ ಅದೇ ತಿಂಗಳು ಬಾಕ್ಸಿಂಗ್ ಕಣದಲ್ಲಿ ಫ್ಲಾಯ್ಡ್ ಮೇವೆದರ್‌ಗೆ ಎದುರಾದಾಗ ಘೋಷಿತ ಮೊತ್ತ 3 ಕೋಟಿ. ಘೋಷಿತ ಮೊತ್ತದಲ್ಲಿ ಹಣ ತೆತ್ತು ನೋಡುವ ಪ್ರಸಾರದ (ಪೇ-ಪರ್-ವ್ಯೂ) ಪಾಲು ಸೇರಿರುವುದಿಲ್ಲ ಎಂಬುದು ನಿಜ; ಆದರೆ ಆ ಕೊರತೆ ಎರಡೂ ಕಡೆಗೆ ಸಮಾನ. ಬಾಕ್ಸಿಂಗ್‌ನಲ್ಲಿ ಪ್ರವರ್ತಕರು ಹಲವರು, ಪದವಿ ನೀಡುವ ಸಂಸ್ಥೆಗಳು ಬೇರೆ, ಮೇಲಾಗಿ 2000ದ ಮಹಮ್ಮದ್ ಅಲಿ ಕಾಯ್ದೆ ಪ್ರವರ್ತಕರು ತಮ್ಮ ಆದಾಯವನ್ನು ಬಾಕ್ಸರ್‌ಗೆ ತಿಳಿಸಬೇಕೆನ್ನುತ್ತದೆ. ಎಂಎಂಎಗೆ ಆ ಕಾಯ್ದೆ ಅನ್ವಯಿಸದು. ಅಲ್ಲಿ ಪಂದ್ಯ ಏರ್ಪಡಿಸುವುದು, ಶ್ರೇಯಾಂಕ ಪಟ್ಟಿ ಹೊರಡಿಸುವುದು, ಬೆಲ್ಟ್ ಕೊಡುವುದು, ಕೂಲಿ ನಿಗದಿ ಮಾಡುವುದು ಎಲ್ಲವೂ ಒಂದೇ ಕಂಪನಿ. 2001ರಲ್ಲಿ 20 ಲಕ್ಷ ಡಾಲರ್‌ಗೆ ಯುಎಫ್‌ಸಿಯನ್ನು ಕೊಂಡ ಜುಫಾ ಸಂಸ್ಥೆ 2006ರಲ್ಲಿ ಡಬ್ಲ್ಯುಇಸಿ, 2007ರಲ್ಲಿ ಜಪಾನಿನ ಪ್ರೈಡ್, 2011ರಲ್ಲಿ ಸ್ಟ್ರೈಕ್‌ಫೋರ್ಸ್ ಹೀಗೆ ಎದುರಾಳಿಗಳನ್ನೇ ಕೊಳ್ಳುತ್ತ ಹೋಯಿತು. ಬೇರೆಡೆ ಸೆಣಸುವಂತಿಲ್ಲ, ಚಾಂಪಿಯನ್ ಆದರೆ ಕರಾರು ತಾನಾಗಿ ಲಂಬಿಸುತ್ತದೆ, ಗಾಯದ ಅವಧಿ ಕರಾರಿಗೆ ಕೂಡಿಕೊಳ್ಳುತ್ತದೆ ಎಂಬ ಷರತ್ತುಗಳು ಬಿಟ್ಟುಹೋಗುವ ದಾರಿಯನ್ನು ಕಿರಿದುಗೊಳಿಸಿದವು. ಒಂದೇ ಸಕ್ಕರೆ ಕಾರ್ಖಾನೆಯ ವ್ಯಾಪ್ತಿಗೆ ಸಿಕ್ಕ ಕಬ್ಬು ಬೆಳೆಗಾರನ ಪಾಡು ಇಂಥದ್ದೇ: ಕಟಾವಿಗೆ ಬಂದ ಬೆಳೆ ಕಾಯುವುದಿಲ್ಲ, ಸ್ಪರ್ಧಿಯ ಯೌವನವೂ ಕಾಯುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪಗಳಿವೆ. ಮುಳುಗುತ್ತಿದ್ದ ಸಂಸ್ಥೆಗೆ ಹಣ ಹೂಡಿ ಜುಫಾ ಮಾರುಕಟ್ಟೆಯನ್ನೇ ಕಟ್ಟಿತು, ಆಮೇಲೆ ಸಂಭಾವನೆಯೂ ಹಲವು ಪಟ್ಟು ಏರಿತು, ಹಾಗಿರುವಾಗ ಪಾಲಿನ ಮಾತೇಕೆ ಎಂಬುದು ಪ್ರತಿವಾದಿಗಳ ಅರ್ಥಶಾಸ್ತ್ರಜ್ಞ ರಾಬರ್ಟ್ ಟೋಪೆಲ್ ಮೊದಲಾದವರ ನಿಲುವು. ಹೂಡಿಕೆಯ ಅಪಾಯಕ್ಕೆ ಪ್ರತಿಫಲ ಸಲ್ಲಬೇಕಾದದ್ದೇ. ಆದರೆ 20 ಲಕ್ಷಕ್ಕೆ ಕೊಂಡದ್ದು 2016ರಲ್ಲಿ ಸುಮಾರು 400 ಕೋಟಿಗೆ ಮಾರಾಟವಾದಾಗ ಆ ಪ್ರತಿಫಲ ಸಂದಿತ್ತು. ಕೂಲಿ ಏರಿತೆಂಬುದು ಅದು ನ್ಯಾಯವಾದ ಮಟ್ಟಕ್ಕೆ ಏರಿತೆಂಬುದಕ್ಕೆ ಸಾಕ್ಷಿಯಲ್ಲ. ಒಬ್ಬನೇ ಗಿರಾಕಿ ಇರುವಲ್ಲಿಯೂ ಆದಾಯ ಬೆಳೆದಾಗ ಕೂಲಿ ಏರಬಲ್ಲದು, ಆದಾಯದಷ್ಟು ಏರುವುದಿಲ್ಲ ಅಷ್ಟೆ. ಜನ ಬರುವುದು ಯುಎಫ್‌ಸಿ ಎಂಬ ಹೆಸರಿಗೆ, ಸ್ಪರ್ಧಿಗಳಿಗಲ್ಲ ಎಂಬ ಇನ್ನೊಂದು ವಾದವನ್ನು ಖಬೀಬ್–ಮೆಕ್‌ಗ್ರೆಗರ್ ಪಂದ್ಯವೇ ಅಲುಗಾಡಿಸುತ್ತದೆ. 2018ರ ಆ ರಾತ್ರಿಯ ಪೇ-ಪರ್-ವ್ಯೂ ಮಾರಾಟ ಸುಮಾರು 24 ಲಕ್ಷ ಮುಟ್ಟಿತು. ಉಳಿದ ರಾತ್ರಿಗಳಲ್ಲೂ ಇದ್ದದ್ದು ಅದೇ ಹೆಸರು, ಆದರೆ ಆ ಸಂಖ್ಯೆ ಬರಲಿಲ್ಲ. ತಾರೆಯರಿಗೆ ಹೆಚ್ಚು, ಉಳಿದವರಿಗೆ ಕಡಿಮೆ ಸಿಗುವುದು ಎಲ್ಲ ಕ್ರೀಡೆಗಳ ಸಹಜ ಗುಣವೆನ್ನುವುದಾದರೆ, ಅದು ಪಾಲಿನೊಳಗಿನ ಹಂಚಿಕೆಯನ್ನು ವಿವರಿಸೀತು. ಇಡೀ ಪಾಲೇ ಕಿರಿದೇಕೆ ಎಂಬುದನ್ನು ವಿವರಿಸದು.

ಸ್ಪರ್ಧಿಗಳಾದ ಕುಂಗ್ ಲೆ, ಜಾನ್ ಫಿಚ್, ನೇಟ್ ಕ್ವಾರಿ 2014ರಲ್ಲಿ ಹೂಡಿದ ಆ ದಾವೆಯಲ್ಲಿ ಚರ್ಚೆಯಾದದ್ದು ಇದೇ. ನ್ಯಾಯಾಧೀಶ ರಿಚರ್ಡ್ ಬೌಲ್‌ವೇರ್ 2023ರಲ್ಲಿ ಅದನ್ನು ಸಾಮೂಹಿಕ ದಾವೆಯೆಂದು ಒಪ್ಪಿದರು, 33.5 ಕೋಟಿ ಡಾಲರ್‌ಗಳ ರಾಜಿಯನ್ನು 2024ರಲ್ಲಿ ತಿರಸ್ಕರಿಸಿ, 37.5 ಕೋಟಿಯ ಹೊಸ ರಾಜಿಗೆ 2025ರಲ್ಲಿ ಅಂತಿಮ ಒಪ್ಪಿಗೆ ಕೊಟ್ಟರು. ಪರಿಹಾರ ಸಲ್ಲುವುದು 2010ರ ಡಿಸೆಂಬರಿನಿಂದ 2017ರ ಜೂನ್‌ವರೆಗೆ ಸೆಣಸಿದವರಿಗೆ. ನಂತರದವರ ಪರವಾಗಿ 2021ರಲ್ಲಿ ಹೂಡಿದ ಜಾನ್ಸನ್ ದಾವೆ ಬೇರೆ. ಈಚಿನ ಹಲವು ಕರಾರುಗಳಲ್ಲಿ ಮಧ್ಯಸ್ಥಿಕೆಯ ಷರತ್ತು, ಸಾಮೂಹಿಕ ದಾವೆ ಹೂಡುವ ಹಕ್ಕನ್ನು ಬಿಟ್ಟುಕೊಡುವ ಷರತ್ತು ಸೇರಿಕೊಂಡಿರುವುದರಿಂದ, ಅವರು ಕೋರ್ಟಿಗೆ ಒಟ್ಟಾಗಿ ಹೋಗಬಹುದೇ ಎಂಬುದೇ ಮೊದಲು ತೀರ್ಮಾನವಾಗಬೇಕಾದ ಪ್ರಶ್ನೆ.