ದೇವಕಣಗಿಲೆಯ ಪೂರ್ವಕಥೆ



ದೇವಾಲಯದ ಪ್ರಾಕಾರದಲ್ಲಿ ಬೂದುಬಣ್ಣದ ಡೊಂಕು ಕೊಂಬೆಗಳನ್ನು ಚಾಚಿ, ಬೋಳು ತುದಿಗಳಲ್ಲಿ ಬಿಳಿಯ ಹೂಗೊಂಚಲನ್ನು ಹೊತ್ತು ನಿಂತ ದೇವಕಣಗಿಲೆಯನ್ನು ತಾವೆಲ್ಲರೂ ಕಂಡಿರುವಿರಿ. ಕೆಲವರು ಇದನ್ನೇ ಗೋಸಂಪಿಗೆಯೆನ್ನುವುದುಂಟು. ದೇವರ ಹೆಸರನ್ನೂ ಗೋವಿನ ಹೆಸರನ್ನೂ ಪಡೆದ ಈ ಮರವು ಪುರಾಣಕಾಲದಿಂದಲೂ ನಮ್ಮದೆಂದು ಭಾವಿಸುವುದು ಸಹಜವೇ ಸರಿ. ಆದರೆ ಚರಿತ್ರೆಯು ಬೇರೆಯ ಕಥೆಯನ್ನು ಹೇಳುತ್ತದೆ.

ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಅಲ್ಲಿಯ ಅಜ್ಟೆಕ್ ಜನರು ತಮ್ಮ ನಹುವಾತ್ಲ್ ಭಾಷೆಯಲ್ಲಿ ಇದನ್ನು ‘ಕಾಕಲೋಶೋಚಿತ್ಲ್’, ಎಂದರೆ ಕಾಗೆಯ ಹೂ, ಎನ್ನುತ್ತಿದ್ದರು. 1565 ರಿಂದ 1815 ರವರೆಗೆ ಸ್ಪೇನಿನ ವ್ಯಾಪಾರದ ಹಡಗುಗಳು ಮೆಕ್ಸಿಕೋ ದೇಶದ ಅಕಾಪುಲ್ಕೋ ರೇವಿಗೂ ಫಿಲಿಪೈನ್ಸಿನ ಮನಿಲಾಕ್ಕೂ ನಡುವೆ ಸಂಚರಿಸುತ್ತಿದ್ದವು. ಫಿಲಿಪೈನ್ಸಿನಲ್ಲಿ ಇಂದಿಗೂ ಈ ಹೂವಿಗೆ ‘ಕಲಾಚುಚಿ’ ಎಂದು ಹೆಸರು. ಅದು ಆ ಹಳೆಯ ಪದವೇ ಬಾಯಿಂದ ಬಾಯಿಗೆ ಸವೆದ ರೂಪ. ಹೂವಿನೊಡನೆ ಹೆಸರೂ ಕಡಲನ್ನು ದಾಟಿತು. ವೆಸ್ಟ್ ಇಂಡೀಸ್ ದ್ವೀಪಗಳ ಸಸ್ಯಗಳನ್ನು ಪರಿಶೋಧಿಸಿದ ಫ್ರೆಂಚ್ ಸನ್ಯಾಸಿ ಪ್ಲುಮಿಯೇ ಎಂಬಾತನ ಸ್ಮರಣಾರ್ಥವಾದ ‘ಪ್ಲುಮೇರಿಯಾ’ ಎಂಬ ಶಾಸ್ತ್ರೀಯನಾಮವನ್ನು ಲಿನ್ನೇಯಸನು 1753 ರಲ್ಲಿ ತನ್ನ ಗ್ರಂಥದಲ್ಲಿ ಸೇರಿಸಿದನು.

ಆದುದರಿಂದ ನಮ್ಮ ಪ್ರಾಚೀನ ಕಾವ್ಯಗಳಲ್ಲಿ ಬರುವ ಚಂಪಕವು ಈ ಮರವಲ್ಲ. ಅದು ಹೊಂಬಣ್ಣದ ಸಂಪಿಗೆ. ಎರಡನ್ನೂ ಒಂದೆಂದೆಣಿಸಿ ಕಾವ್ಯವನ್ನೋದಿದರೆ ಕವಿಯು ಕಾಣದ ಹೂವನ್ನು ಅವನ ಕೈಗೆ ಕೊಟ್ಟಂತಾಗುವುದು.

ಪರದೇಶದ ಮರವು ಇಷ್ಟು ಸುಲಭವಾಗಿ ಮನೆಯದಾದುದು ಹೇಗೆ? ಅದರ ದಪ್ಪ ಕೊಂಬೆಗಳು ನೀರನ್ನು ಕೂಡಿಟ್ಟುಕೊಳ್ಳುತ್ತವೆ. ಒಣಗಾಲ ಬಂದೊಡನೆ ಅದು ಎಲೆಗಳನ್ನು ಉದುರಿಸಿ ಖರ್ಚನ್ನು ತಗ್ಗಿಸುತ್ತದೆ. ಆಗ ಸತ್ತಿತೆಂದು ಕಡಿಯಬಾರದು. ಕಡಿದ ಕೊಂಬೆಯು ಮಣ್ಣಿಲ್ಲದೆ ವಾರಗಟ್ಟಲೆ ಜೀವಹಿಡಿದಿರಬಲ್ಲದು. ದೂರದ ಪ್ರಯಾಣಕ್ಕೆ ಇದಕ್ಕಿಂತ ತಕ್ಕ ಗುಣವುಂಟೆ?

ತಮ್ಮ ಅಂಗಳದಲ್ಲಿ ನೆಡಬೇಕಾದರೆ ಒಂದು ಮೊಳದ ಕೊಂಬೆಯನ್ನು ಕತ್ತರಿಸಿ, ಹಾಲು ಒಣಗುವವರೆಗೆ ಒಂದು ವಾರ ನೆರಳಿನಲ್ಲಿಡಿರಿ. ಆ ಹಾಲು ಕಣ್ಣಿಗೂ ಚರ್ಮಕ್ಕೂ ತಾಗದಿರಲಿ. ಬಳಿಕ ಬಿಸಿಲು ಬೀಳುವ ಕಡೆ, ನೀರು ನಿಲ್ಲದ ಮರಳುಮಣ್ಣಿನಲ್ಲಿ ನೆಟ್ಟು, ಮಿತವಾಗಿ ನೀರೆರೆಯಿರಿ. ಈ ಗಿಡವು ಬಾಯಾರಿಕೆಯಿಂದ ಸಾಯುವುದು ಅಪರೂಪ; ಅತಿಯಾದ ಉಪಚಾರದಿಂದ ಕೊಳೆತು ಸಾಯುವುದೇ ಹೆಚ್ಚು.

ಮರವು ಹೊರಗಿನಿಂದ ಬಂದುದೆಂದು ತಿಳಿದ ಮಾತ್ರಕ್ಕೆ ಪೂಜೆಯ ಹೂವಿಗೆ ಕುಂದೇನೂ ಇಲ್ಲ. ಬಂದ ಅತಿಥಿಗೆ ನಮ್ಮ ಹಿರಿಯರು ದೇವರ ಹೆಸರನ್ನೇ ಇಟ್ಟರು. ನೀರಿಗೆ ಬಡತನವಿರುವ ಪಟ್ಟಣದ ಅಂಗಳದಲ್ಲಿ ಅಲ್ಪಕ್ಕೆ ತೃಪ್ತನಾದ ಆ ಅತಿಥಿಗೆ ಒಂದು ಮೂಲೆಯನ್ನು ಬಿಟ್ಟುಕೊಡುವುದು ನಮಗೆ ಭಾರವಾಗಲಾರದು.